ಹೊರಗಿನವರನ್ನು ಕರೆಸಿ, ಆದರೆ ತೀರ್ಪು ಕೇಳಬೇಡಿ

ನಿಮ್ಮ ಪ್ರಶ್ನೆ ಓದಿದೆ. ಮೈಸೂರಿನ ಹಳೇ ಅಪಾರ್ಟ್‌ಮೆಂಟ್. ರಿಪೇರಿ ಸಾಕು ಅನ್ನುವವರು ಒಂದು ಕಡೆ, ಕೆಡವಿ ಹೊಸದಾಗಿ ಕಟ್ಟಿಸೋಣ ಅನ್ನುವವರು ಇನ್ನೊಂದು ಕಡೆ. ಪ್ರತಿ ಮೀಟಿಂಗೂ ಜಗಳದಲ್ಲೇ ಮುಗಿಯುತ್ತಿದೆ. ಯಾರ ಪರವೂ ಇಲ್ಲದ ಹೊರಗಿನವರನ್ನು ಕರೆಸಿದರೆ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ಆದರೆ ಅವರು ಬಂದು ಮಾಡುವ ಕೆಲಸ ಏನು ಅನ್ನೋದು ಎಲ್ಲರಿಗೂ ಮೊದಲೇ ಗೊತ್ತಿರಬೇಕು.

ನಮ್ಮ ಕಡೆ ಜಗಳ ಆದರೆ ದೊಡ್ಡ ಮನುಷ್ಯರನ್ನು ಕರೆಸಿ ಪಂಚಾಯ್ತಿ ಸೇರಿಸುತ್ತಾರೆ. ಅವರು ಎರಡೂ ಕಡೆ ಕೇಳಿ ನ್ಯಾಯ ಹೇಳುತ್ತಾರೆ. ದನ ಬೆಳೆ ಮೇಯ್ದಿದ್ದಕ್ಕೆ, ಬದು ಒತ್ತಿದ್ದಕ್ಕೆ ಅದು ಸಾಕು. ಎಲ್ಲರೂ ಕೈಯಿಂದ ದುಡ್ಡು ಹಾಕಬೇಕು, ಆಮೇಲೂ ಒಂದೇ ಮೆಟ್ಟಿಲು ಹತ್ತಿ ಇಳಿಯಬೇಕು ಅನ್ನುವ ಕಡೆ ಸಾಲದು. ಸೋತವರು ವಕೀಲರನ್ನು ಹುಡುಕಿಕೊಂಡು ಹೋಗುತ್ತಾರೆ ಅಷ್ಟೇ. ನಿಮಗೆ ಬೇಕಿರುವುದು ಮಾತುಕತೆ ನಡೆಸಿಕೊಡುವವರು. ತೀರ್ಮಾನ ನಿಮ್ಮ ಕೈಯಲ್ಲೇ ಇರಬೇಕು.

ನಾನು ಮಂಡ್ಯ ಕಡೆಯ ರೈತ. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿ ಬೆಳೆ ಇಡುವವನು, ನೀರು ಬಳಕೆದಾರರ ಸಂಘದ ಸಮಿತಿಯಲ್ಲೂ ಇದ್ದೆ. ಕೆಆರ್‌ಎಸ್ 124.80 ಅಡಿ ಮುಟ್ಟಿದ ವರ್ಷ ಎಲ್ಲರೂ ನೆಂಟರೇ. ಕಟ್ಟೆ ತುಂಬದ ವರ್ಷ ಕಟ್ಟು ನೀರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ಆಗ ಮೇಲ್ಭಾಗದವರು ತೂಬು ಎತ್ತಿ ಗದ್ದೆ ತುಂಬಿಸಿಕೊಳ್ಳುತ್ತಾರೆ, ಕೊನೆ ಭಾಗಕ್ಕೆ ನೀರು ತಲುಪುವುದೇ ಇಲ್ಲ. ಅಂಥ ಒಂದು ವರ್ಷ ನಮ್ಮ ಸಭೆ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಯ್ತು. ನಮ್ಮ ನಾಲೆ ಕೆಳಗೆ ಒಂದು ಗುಂಟೆಯೂ ಇಲ್ಲದ, ಊರಲ್ಲಿ ನೆಂಟಸ್ತನವೂ ಇಲ್ಲದ ಒಬ್ಬ ನಿವೃತ್ತ ಮೇಷ್ಟ್ರನ್ನು ಎರಡೂ ಕಡೆಯವರು ಒಪ್ಪಿ ಕರೆಸಿದೆವು.

ಸಭೆಗೆ ಮುಂಚೆ ಅವರು ಮನೆಮನೆಗೆ ಹೋದರು. ಸಭೆಯಲ್ಲಿ ಬಾಯಿ ಬಿಡದವರ ಮನೆಗೇ ಮೊದಲು. ಆಮೇಲೆ ಎರಡೂ ಕಡೆಯವರನ್ನು ಕರೆದುಕೊಂಡು ನಾಲೆ ಏರಿ ಮೇಲೆ ಕೊನೆಯವರೆಗೂ ನಡೆದರು. ಮೇಲ್ಭಾಗದ ಎಷ್ಟೋ ಜನ ಆ ಕೊನೆಯ ಗದ್ದೆಗಳನ್ನು ಬೆಳೆ ಕಾಲದಲ್ಲಿ ನೋಡಿಯೇ ಇರಲಿಲ್ಲ. ಸಭೆಯಲ್ಲಿ ಒಂದೇ ಕಟ್ಟುಪಾಡು: ಎಲ್ಲರದ್ದೂ ಒಂದು ಸುತ್ತು ಮುಗಿಯುವ ತನಕ ಯಾರೂ ಎರಡನೇ ಸಲ ಮಾತಾಡುವಂತಿಲ್ಲ. ಹೇಳಿದ್ದನ್ನು ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಅವರವರ ಮಾತಲ್ಲೇ ಬರೆದು, "ಸರಿಯಾಗಿ ಬರೆದಿದ್ದೀನಾ?" ಅಂತ ಕೇಳುತ್ತಿದ್ದರು. ನೀರು ಬೇಕು ಅಂದವರಿಗೆಲ್ಲ ಒಂದೇ ಪ್ರಶ್ನೆ: "ಯಾವುದಕ್ಕೆ ಬೇಕು, ಯಾವಾಗ ಬೇಕು ಯಜಮಾನ್ರೇ?"

ಆಗ ವಿಷಯ ಹೊರಗೆ ಬಂತು. ಮೇಲ್ಭಾಗದವರಿಗೆ ಆಗಲೇ ಬಿಟ್ಟಿದ್ದ ಒಟ್ಲು, ಅಂದರೆ ಭತ್ತದ ಸಸಿ ಮಡಿ, ಒಣಗುತ್ತೆ ಅನ್ನೋ ಭಯ. ಕೊನೆ ಭಾಗದವರು ಆ ವರ್ಷ ಭತ್ತದ ಆಸೆಯನ್ನೇ ಬಿಟ್ಟಿದ್ದರು. ನಿಂತ ಕಬ್ಬು ಉಳಿದರೆ, ದನಕ್ಕೆ ಮೇವಾದರೆ ಸಾಕು ಅಂದರು. ಒಟ್ಲಿಗೆ ಬೇಕಾಗೋದು ಎಷ್ಟು ನೀರು? ಅದನ್ನು ಹಗಲು ಹಾಯಿಸಿಕೊಳ್ಳೋದು, ರಾತ್ರಿ ಮೇಲಿನ ತೂಬುಗಳನ್ನು ಇಳಿಸಿ ಕೊನೆಗೆ ಬಿಡೋದು, ಕಾವಲಿಗೆ ಎರಡೂ ಕಡೆಯಿಂದ ಜನ ಹೋಗೋದು ಅಂತ ಆಯ್ತು. ನಾಟಿ ಎಷ್ಟು ಎಕರೆ ಅನ್ನೋದು ಮಾತ್ರ ಅವತ್ತು ಬಗೆಹರಿಯಲಿಲ್ಲ, ಅದಕ್ಕೆ ಇನ್ನೊಂದು ಸಭೆ ಬೇಕಾಯ್ತು. ನಡುವೆ ಯಾರೋ "ನೀವೇ ಒಂದು ಹೇಳಿಬಿಡಿ ಮೇಷ್ಟ್ರೇ" ಅಂದರು. "ನಾನು ಹೇಳಿದರೆ ಅದು ನನ್ನ ತೀರ್ಮಾನ ಆಗುತ್ತಪ್ಪ. ರಾತ್ರಿ ಕಾವಲಿಗೆ ನೀವು ತಾನೇ ಹೋಗಬೇಕು?" ಅಂದರು. ಈ ಮಾತು ನಿಮ್ಮ ಮೀಟಿಂಗಿನಲ್ಲೂ ಯಾರಾದರೂ ಹೇಳಬೇಕು ಅಂತ ನನಗೆ ತುಂಬಾ ಅನಿಸುತ್ತೆ.

ಇದಕ್ಕಿಂತ ಎಷ್ಟೋ ದೊಡ್ಡ ಜಗಳದಲ್ಲೂ ಹೀಗೆ ಕೂತು ಮಾತಾಡಿದ್ದುಂಟು. 2002ರ ಕಾವೇರಿ ಗಲಾಟೆ ಆದ ಮೇಲೆ, 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯವರು ಕರ್ನಾಟಕ, ತಮಿಳುನಾಡು ಎರಡೂ ಕಡೆಯ ರೈತರನ್ನು ಒಟ್ಟಿಗೆ ಕೂರಿಸಿದರು. ಮುಂದೆ ನಿಂತು ನಡೆಸಿದವರು ಪ್ರೊ. ಎಸ್. ಜನಕರಾಜನ್. ಸಂಸ್ಥೆ ಇರುವುದು ಚೆನ್ನೈನಲ್ಲಿ, ಆದರೂ ನಮ್ಮ ಕಡೆಯ ರೈತರು ಹೋದರು. 'ಕಾವೇರಿ ಕುಟುಂಬ' ಅಂತ ಹೆಸರಾಯ್ತು. ಇವರು ಅವರ ಹೊಲ ನೋಡಿದರು, ಅವರು ಇವರ ಹೊಲ ನೋಡಿದರು. ನೀರಿನ ಲೆಕ್ಕ ಕೊನೆಗೆ ಆದದ್ದು 2007ರ ನ್ಯಾಯಮಂಡಳಿಯ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ, ನಿಜ. ಆದರೆ ತೀರ್ಪು ಬಂದ ಮೇಲೂ ಮಳೆ ಕೈಕೊಟ್ಟ ವರ್ಷ ಗಲಾಟೆ ತಪ್ಪಿಲ್ಲ, ಅಲ್ವಾ?

ಈಗ ನಿಮ್ಮ ವಿಷಯ. ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನೋದು ಅಭಿಪ್ರಾಯದ ಮಾತಲ್ಲ. ಎರಡೂ ಗುಂಪು ಒಪ್ಪುವ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮೊದಲು ಪರೀಕ್ಷೆ ಮಾಡಿಸಿ. ಆ ಎಂಜಿನಿಯರೇ ಸಭೆ ನಡೆಸೋದು ಬೇಡ, ಬಿಲ್ಡರ್ ಕಡೆಯವರಂತೂ ಬೇಡವೇ ಬೇಡ. ಕೆಡವೋದಕ್ಕೆ ಎಷ್ಟು ಜನರ ಒಪ್ಪಿಗೆ ಬೇಕು ಅನ್ನೋದನ್ನು ಬೈಲಾ ನೋಡಿ, ವಕೀಲರನ್ನೂ ಕೇಳಿ, ಮೊದಲ ಸಭೆಯಲ್ಲೇ ಓದಿ ಹೇಳಿ. ಕೈ ಎತ್ತಿಸುವಾಗ ಹೌದು, ಇಲ್ಲ ಎರಡೇ ಕೇಳಬೇಡಿ. 'ಇಷ್ಟ ಇಲ್ಲ, ಆದರೆ ಅಡ್ಡ ಬರಲ್ಲ' ಅನ್ನುವವರು ಎಷ್ಟಿದ್ದಾರೆ ಅಂತಲೂ ನೋಡಿ. ಸಾಮಾನ್ಯವಾಗಿ ಅವರೇ ಜಾಸ್ತಿ ಇರುತ್ತಾರೆ. ಪೆನ್ಶನ್ ನಂಬಿಕೊಂಡ ಹಿರಿಯರು 'ಕೆಡವಿದರೆ ಅಷ್ಟು ವರ್ಷ ಎಲ್ಲಿರೋದು' ಅಂತ ಹೆದರಿ ಸುಮ್ನೆ ಕೂತಿರಬಹುದು. ಅವರ ಮನೆಗೆ ಹೋಗಿ ಕೇಳಲೇಬೇಕು.

ಕಮಿಟಿಯವರು ಆಗಲೇ ಬಿಲ್ಡರ್‌ಗೆ ಮಾತು ಕೊಟ್ಟು ಬಂದಿದ್ದರೆ ಮಾತ್ರ ಯಾರನ್ನೂ ಕರೆಸಬೇಡಿ. ಅದು ಜನರಿಗೆ ಮಾಡುವ ಮೋಸ.

ಯಾರನ್ನು ಕರೆಸೋದು ಅಂದರೆ, ಮೈಸೂರಲ್ಲಿ ಅದು ಕಷ್ಟ ಆಗಬಾರದು. ಆಡಳಿತ ತರಬೇತಿ ಸಂಸ್ಥೆ, ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಎರಡೂ ನಿಮ್ಮ ಊರಲ್ಲೇ ಇವೆ. ಅಂಥ ಕಡೆ ತರಬೇತಿ ಕೊಟ್ಟು ನಿವೃತ್ತರಾದವರಿಗೆ ಗುಂಪು ಚರ್ಚೆ ನಡೆಸಿ ಅಭ್ಯಾಸ ಇರುತ್ತೆ. ಎರಡು ಮೂರು ಹೆಸರು ಹಿಡಿದು, ಎರಡೂ ಗುಂಪಿಗೆ ತೋರಿಸಿ ಒಪ್ಪಿಸಿ. ಸಂಭಾವನೆ ಸಂಘದ ಖಾತೆಯಿಂದಲೇ ಹೋಗಲಿ, ಒಂದು ಗುಂಪಿನವರ ಜೇಬಿನಿಂದ ಬೇಡ. ವಿಷಯ ಆಗಲೇ ಕೋರ್ಟಿಗೆ ಹೋಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿ ಸಂಧಾನಕ್ಕೆ ಏನು ದಾರಿ ಇದೆ ಅಂತ ವಿಚಾರಿಸಿ.