ಅಡಿಕೆ ಒಲೆಯ ಹೊಗೆಯೂ ಕೂಸಿನ ಕರುಳೂ

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ತೋಟದ ಮನೆ. ನನಗೀಗ ಐದು ತಿಂಗಳು. ಸುಲಿದ ಅಡಿಕೆ ಬೇಯಿಸುವ ಒಲೆ ಅಂಗಳದಲ್ಲೇ ಇದೆ. ಬಚ್ಚಲ ಹಂಡೆಗೂ ಕಟ್ಟಿಗೆಯೇ. ಗರ್ಭಿಣಿ ಹೊಗೆ ಕುಡಿದರೆ ಹುಟ್ಟುವ ಕೂಸಿನ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ ಎಂದು ಓದಿ ಗಾಬರಿಯಾಗಿದೆ. ಸುಗ್ಗಿ ಮುಗಿಯುವವರೆಗೆ ಕಾರವಾರದ ತವರಿಗೆ ಹೋಗಲೇ? ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಪ್ರೊಬಯಾಟಿಕ್ ಮಾತ್ರೆ ಬೇಕೇ?
— ಹೆಸರು ಬೇಡ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಕಾಳಜಿ ಸರಿಯಾದುದೇ, ಗಾಬರಿ ಮಾತ್ರ ಬೇಡ. ಕಟ್ಟಿಗೆ ಹೊಗೆಯಲ್ಲಿ ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಹೇರಳವಾಗಿರುತ್ತವೆ. ಇವು ತಾಯಿಯ ಶ್ವಾಸಕೋಶದ ಆಳಕ್ಕಿಳಿದು ಮೈಯೊಳಗೆ ಉರಿಯೂತ ಎಬ್ಬಿಸುತ್ತವೆ. ಅತಿ ಸೂಕ್ಷ್ಮವಾದ ಮಸಿಯ ಕಣಗಳು ಮಾಸಿನಲ್ಲಿ (ಪ್ಲಾಸೆಂಟಾದಲ್ಲಿ) ಭ್ರೂಣದ ಕಡೆಯ ಭಾಗವನ್ನೂ ತಲುಪಿರುವುದನ್ನು ಬೆಲ್ಜಿಯಂನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಕೂಸಿಗೆ ಮೊದಲ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದಲೇ ಬರುವುದರಿಂದ, ಹೊಗೆಯಿಂದ ತಾಯಿಯ ಕರುಳಿನಲ್ಲಾಗುವ ಬದಲಾವಣೆ ಕೂಸಿನವರೆಗೂ ಮುಂದುವರಿಯಬಹುದೆಂಬುದು ಸಂಶೋಧಕರ ತರ್ಕ. ಕ್ಯಾಲಿಫೋರ್ನಿಯಾದ 103 ಹಸುಳೆಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು ಮಲಿನ ಗಾಳಿಗೂ ಕರುಳಿನ ಬ್ಯಾಕ್ಟೀರಿಯಾಗಳ ವ್ಯತ್ಯಾಸಕ್ಕೂ ನಂಟು ಕಂಡಿತಾದರೂ, ಆ ಕೂಸುಗಳು ಆರು ತಿಂಗಳಿನವು, ಲೆಕ್ಕಕ್ಕೆ ಹಿಡಿದದ್ದು ಹುಟ್ಟಿದ ಮೇಲೆ ಅವು ಉಸಿರಾಡಿದ ಗಾಳಿ. ನಂಟು ಕಂಡ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು.

ತವರಿಗೆ ಹೋಗುವುದು ನಿಮ್ಮ ಇಷ್ಟ. ಆದರೆ ಕಾರವಾರದ ಮನೆ ಹೆದ್ದಾರಿಯ ಬದಿಗಿದ್ದು ದಿನವಿಡೀ ಲಾರಿಗಳ ಹೊಗೆ ಒಳಗೆ ಬರುವಂತಿದ್ದರೆ ಲಾಭವೇನು? ಊರಿಗಿಂತ ನಿಮ್ಮ ಮೂಗಿನ ಹತ್ತಿರದ ಒಲೆ ಮುಖ್ಯ. ಅಡಿಕೆ ಬೇಯುವಾಗ ಒಲೆಗೆ ಕಟ್ಟಿಗೆ ದೂಡುವ ಕೆಲಸ ಈ ವರ್ಷ ಬೇರೆಯವರದಾಗಲಿ, ಗಾಳಿ ಮನೆಯತ್ತ ಬೀಸುವಾಗ ಆ ಬದಿಯ ಕಿಟಕಿ ಮುಚ್ಚಿರಲಿ. ಹಸಿ ಕಟ್ಟಿಗೆಯ ಹೊಗೆ ಒಣ ಕಟ್ಟಿಗೆಯದಕ್ಕಿಂತ ಬಹಳ ಹೆಚ್ಚು. ಬಚ್ಚಲಿನಲ್ಲಂತೂ ಹಂಡೆಯ ನೀರು ಕಾದು ಉರಿ ತಗ್ಗಿದ ಮೇಲೆ, ಬಾಗಿಲು ತೆರೆದು ಹೊಗೆ ಹೋಗಗೊಟ್ಟು ಸ್ನಾನಕ್ಕೆ ಇಳಿಯಿರಿ. ಮುಖಕ್ಕೆ ಸೆರಗು ಕಟ್ಟಿಕೊಂಡರೆ ಇಷ್ಟು ಸಣ್ಣ ಕಣಗಳು ನಿಲ್ಲುವುದಿಲ್ಲ.

ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನುಂಗಬೇಡಿ. ಎದೆಹಾಲಿನಲ್ಲಿ ಕೂಸಿಗೆ ಜೀರ್ಣವಾಗದ ಕೆಲವು ಸಕ್ಕರೆಗಳಿವೆ. ಅವು ಇರುವುದು ಕೂಸಿನ ಕರುಳಿನ ಬಿಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟಕ್ಕೆ. ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಿ, ಆರು ತಿಂಗಳು ಎದೆಹಾಲನ್ನೇ ಕೊಡಿ. ಮನೆಯ ಹಿರಿಯರು ಪ್ರೀತಿಯಿಂದಲೇ ನೆಕ್ಕಿಸಬಯಸುವ ಜೇನು ವರ್ಷ ತುಂಬುವವರೆಗೆ ಬೇಡ. ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಇನ್ನು ನೀವು ಕೇಳದ ಒಂದು ವಿಷಯ. ಒಂಬತ್ತು ತಿಂಗಳು ಹೊಗೆಯಿಂದ ದೂರವಿದ್ದವರೂ ಬಾಣಂತಿ ಕೋಣೆಯ ಬಾಗಿಲು ಮುಚ್ಚಿ, ಕೆಂಡದ ಅಗ್ಗಿಷ್ಟಿಕೆಯಿಟ್ಟು, ಎಣ್ಣೆನೀರು ಹಾಕಿದ ಕೂಸಿನ ತಲೆಗೆ ಲೋಬಾನದ ಹೊಗೆ ಹಿಡಿಯುವುದುಂಟು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದು ಪ್ರಾಣಕ್ಕೇ ಎರವಾಗಬಲ್ಲದು. ಕೂಸಿನ ತಲೆ ಒರೆಸಲು ಒಣಗಿದ ಹತ್ತಿಬಟ್ಟೆ ಸಾಕು ಎಂದು ಅತ್ತೆಯವರಿಗೆ ಈಗಲೇ ಹೇಳಿಡಿ.