ತಂಗಿ ಧಾರವಾಡದಲ್ಲಿ ಎಂ.ಎಸ್ಸಿ ಓದುತ್ತಿದ್ದಾಳೆ. ಊಟ-ನಿದ್ದೆ ಸರಿಯಿಲ್ಲ, ಊರಿಗೂ ಬರುತ್ತಿಲ್ಲ. ನಾನೇನು ಮಾಡಲಿ? ವಿಶ್ವವಿದ್ಯಾಲಯದಲ್ಲಿ ಇದಕ್ಕೆಲ್ಲ ವ್ಯವಸ್ಥೆ ಇದೆಯಾ?

ನೀವು ಬರೆದದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ತಂಗಿ ಬಾಗಲಕೋಟೆ ಕಡೆಯ ತಾಲ್ಲೂಕು ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದು ಬಿ.ಎಸ್ಸಿ ಮುಗಿಸಿದಳು. ಈಗ ಹಾಸ್ಟೆಲ್‌ನಲ್ಲಿದ್ದುಕೊಂಡು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ, ಮೊದಲ ಸೆಮಿಸ್ಟರ್. ಸಂಕ್ರಾಂತಿಗೆ ಬರಲಿಲ್ಲ, ಶಿವರಾತ್ರಿಗೆ ಬಂದವಳು ಮರುದಿನವೇ ಹೊರಟುಹೋದಳು. ಫೋನ್ ಮಾಡಿದರೆ "ಅರಾಮ ಅದೀನಿ ಅಣ್ಣಾ" ಅಂತಾಳೆ. ರೂಮ್‌ಮೇಟ್ ಹೇಳುವುದೇ ಬೇರೆ: ಊಟ ಬಿಡ್ತಾಳೆ, ರಾತ್ರಿಯೆಲ್ಲ ಎಚ್ಚರ ಇರ್ತಾಳೆ, ಬೆಳಗಿನ ಕ್ಲಾಸಿಗೆ ಏಳಲ್ಲ. ನಿಮ್ಮ ಸೋದರಮಾವ ಓದು ಬಿಡಿಸಿ ಮದುವೆ ಮಾಡಿಬಿಡಿ ಅನ್ನುತ್ತಿದ್ದಾರೆ.

ನಾನು ವೈದ್ಯೆ ಅಲ್ಲ. ಬೇರೊಂದು ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಹಲವು ವರ್ಷ ಮಹಿಳಾ ಹಾಸ್ಟೆಲ್ಲಿನ ವಾರ್ಡನ್ ಕೂಡ ಆಗಿದ್ದವಳು. ನಿಮ್ಮ ತಂಗಿಯಂಥ ಹುಡುಗಿಯರು ಪ್ರತಿ ವರ್ಷವೂ ಬರುತ್ತಿದ್ದರು.

ಬೇರೆಲ್ಲಕ್ಕಿಂತ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. "ನಾನಿದ್ದು ಏನು ಪ್ರಯೋಜನ", "ನಿಮಗೆಲ್ಲ ಭಾರ ಆಗಿದೀನಿ" ಅನ್ನುವಂಥ ಮಾತು ಆಡಿದ್ದಾಳಾ? ತನ್ನ ವಸ್ತುಗಳನ್ನು ಅವರಿವರಿಗೆ ಕೊಡುತ್ತಿದ್ದಾಳಾ? ಕೈ ಕೊಯ್ದುಕೊಂಡ ಗುರುತುಗಳಿವೆಯಾ? ರೂಮ್‌ಮೇಟನ್ನು ಕೇಳಿ, ತಂಗಿಯನ್ನೂ ಕೇಳಿ. "ಸಾಯಬೇಕು ಅಂತ ಅನ್ನಿಸಿದೆಯೇನವ್ವ?" ಎಂದು ನೇರವಾಗಿಯೇ ಕೇಳಬಹುದು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಅನ್ನುವುದು ಸುಳ್ಳು ಭಯ. ಕೇಳಿದ್ದಕ್ಕೇ ಹಗುರಾದವರನ್ನು ನಾನು ನೋಡಿದ್ದೇನೆ. ಉತ್ತರ ಹೌದು ಅಂತ ಬಂದರೆ ಈ ಬರಹ ಓದುತ್ತ ಕೂರಬೇಡಿ. ರೂಮ್‌ಮೇಟ್‌ಗೆ ಅವಳ ಜೊತೆಯಲ್ಲೇ ಇರಲು ಹೇಳಿ, ವಾರ್ಡನ್‌ಗೆ ಫೋನ್ ಮಾಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸ್ ಆಗುತ್ತದೆಂದು ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸುವಂತಿಲ್ಲ.

ಅಂಥದ್ದೇನೂ ಇಲ್ಲವೆಂದಾದರೆ, ಸ್ವಲ್ಪ ಕೂತು ಮಾತಾಡೋಣ.

ಹಾಸ್ಟೆಲ್ ಮಕ್ಕಳ ಮನಸ್ಸು ಕೆಟ್ಟಿದೆ ಅನ್ನಿಸಿದಾಗ ನಾನು ಮೊದಲು ತೆಗೆದು ನೋಡುತ್ತಿದ್ದದ್ದು ಮೆಸ್ ಹಾಜರಿ ಪುಸ್ತಕ. ಯಾರು ಯಾವ ಹೊತ್ತಿನ ಊಟ ಬಿಡುತ್ತಾರೆ ಅನ್ನುವುದು ಬಹಳ ಹೇಳುತ್ತದೆ. ಒಬ್ಬ ಹುಡುಗಿಯ ಹೆಸರಿನ ಮುಂದೆ ಬೆಳಗಿನ ನಾಷ್ಟಾ ಪೂರ್ತಿ ಖಾಲಿ, ರಾತ್ರಿ ಊಟ ಅರ್ಧಕ್ಕರ್ಧ ಖಾಲಿ. ಎಲ್ಲರೂ ಅವಳಿಗೆ ಡಿಪ್ರೆಶನ್ ಎಂದು ಹೇಳಿಯಾಗಿತ್ತು. ಕರೆದು ಚಹಾ ಕೊಟ್ಟು, ಓದಿನ ಮಾತೇ ಎತ್ತದೆ ಕೂರಿಸಿಕೊಂಡ ಮೇಲೆ ಬಾಯಿಬಿಟ್ಟಳು. ಮೆಸ್ ಬಿಲ್ ಬಾಕಿ ಇತ್ತು, ಬಾಕಿ ಇದ್ದವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದರು. ಎಲ್ಲರೂ ಉಣ್ಣುವ ಹೊತ್ತಿಗೆ ಆ ಬೋರ್ಡಿನ ಮುಂದೆಯೇ ಹಾದು ಹೋಗಬೇಕು. ಹಾಗಾಗಿ ಗದ್ದಲ ಮುಗಿದ ಮೇಲೆ ಹೋಗುತ್ತಿದ್ದಳು. ಆಗ ತಳದ ಸಾರು, ತಣ್ಣನೆ ಅನ್ನ. ಉಳಿದ ಹೊತ್ತು ಬಿಸ್ಕೀಟು, ಚಹಾ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳರ ಆಸುಪಾಸು. ಅಷ್ಟಿದ್ದರೆ ಮೆಟ್ಟಿಲು ಹತ್ತುವುದೇ ಕಷ್ಟ, ಇನ್ನು ಕ್ವಾಂಟಮ್ ಕೆಮಿಸ್ಟ್ರಿ ತಲೆಗೆ ಹೋಗುವುದೆಲ್ಲಿಂದ? ಆ ಹೆಸರುಗಳ ಪಟ್ಟಿಯನ್ನು ಬೋರ್ಡಿನಿಂದ ಕೀಳಿಸಿದ್ದು ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಅಂದುಕೊಂಡಿದ್ದೇನೆ.

ಆದ್ದರಿಂದ ತಂಗಿಗೆ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಸಾಧ್ಯವಾದರೆ ಬಿ12. ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದಿತ್ತು. ಸುಸ್ತು, ನಿರುತ್ಸಾಹ, ಗಮನ ನಿಲ್ಲದಿರುವುದು ಥೈರಾಯ್ಡ್ ಏರುಪೇರಾದಾಗಲೂ ಬರುತ್ತದೆ, ಖಿನ್ನತೆಯಲ್ಲೂ ಬರುತ್ತದೆ. ಯಾವುದೆಂದು ಮುಖ ನೋಡಿ ಹೇಳಲಾಗುವುದಿಲ್ಲ. ಎರಡೂ ಒಟ್ಟಿಗೆ ಇರಲೂಬಹುದು. ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನು ಚಹಾದ ಜೊತೆ ನುಂಗಬಾರದು, ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಬೇಡ ಅಂತಲೂ ಮೊದಲೇ ಹೇಳಿಡಿ, ಅದಕ್ಕೇ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ಊರಿಂದ ಹೋಗುವಾಗ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ಯಿರಿ. ವಾರಗಟ್ಟಲೆ ಕೆಡುವುದಿಲ್ಲ, ರೂಮಿನವರೆಲ್ಲ ಸೇರಿ ತಿನ್ನುತ್ತಾರೆ. ಆ ನೆಪದಲ್ಲಿ ಅವಳೂ ತಿನ್ನುತ್ತಾಳೆ.

ಎರಡನೆಯದು, ಊರಿಗೆ ಯಾಕೆ ಬರುತ್ತಿಲ್ಲ ಅನ್ನುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಆಮೇಲೆ ನಮ್ಮ ಹಾಸ್ಟೆಲ್ ಶನಿವಾರ ಮಧ್ಯಾಹ್ನಕ್ಕೇ ಅರ್ಧ ಖಾಲಿಯಾಗುತ್ತಿತ್ತು. ಬಸ್ಸು ಉಚಿತವಿದ್ದರೂ ಬರುತ್ತಿಲ್ಲ ಅಂದರೆ ಬಸ್ಸಿನ ದುಡ್ಡು ಕಾರಣವಲ್ಲ, ಮನೆಯವರ ಮುಂದೆ ಮುಖ ತೋರಿಸಲಾಗದ ಏನೋ ಇದೆ. ನನ್ನ ಊಹೆ ಹೇಳಲಾ? ಮೊದಲ ಇಂಟರ್ನಲ್‌ನಲ್ಲಿ ಅಂಕ ಕಡಿಮೆ ಬಿದ್ದಿದೆ. ಹತ್ತನೇ ಕ್ಲಾಸಿನವರೆಗೆ, ಕೆಲವರು ಪಿಯುಸಿವರೆಗೂ ಕನ್ನಡದಲ್ಲೇ ಯೋಚಿಸಿದ ಮಕ್ಕಳು ಡಿಗ್ರಿಯನ್ನು ನೋಟ್ಸ್ ಬಾಯಿಪಾಠ ಮಾಡಿ ಗೆಲ್ಲುತ್ತಾರೆ. ಎಂ.ಎಸ್ಸಿಯಲ್ಲಿ ಆ ದಾರಿ ನಡೆಯುವುದಿಲ್ಲ. ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕು, ಮೇಷ್ಟ್ರು ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಊರಲ್ಲಿ ಫ್ಲೆಕ್ಸ್‌ನಲ್ಲಿ ಫೋಟೊ ಹಾಕಿಸಿಕೊಂಡ ಹುಡುಗಿ ಇಲ್ಲಿ ಬಾಯಿ ತೆರೆಯಲಾರಳು. ಇಂಥವರಿಗೆ "ಧೈರ್ಯ ತಗೋ, ಎಲ್ಲಾ ಸರಿ ಹೋಗ್ತದ" ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ.

ಉಪಯೋಗಕ್ಕೆ ಬರುವುದು ಹೆಚ್ಚಾಗಿ ಸೀನಿಯರುಗಳು. ಅದೇ ವಿಭಾಗದ ಎರಡನೇ ವರ್ಷದಲ್ಲಿ ಇವಳ ಹಾಗೇ ಹಳ್ಳಿಯಿಂದ ಬಂದು, ಮೊದಲ ಸೆಮಿಸ್ಟರ್‌ನಲ್ಲಿ ಒದ್ದಾಡಿ, ಈಗ ಸರಿಯಾಗಿರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ವಿಭಾಗದ ಮೇಷ್ಟ್ರಲ್ಲಿ ಸ್ವಲ್ಪ ಮೆತ್ತಗಿನವರೊಬ್ಬರನ್ನು ಕಂಡು, ಅಂಥ ಹುಡುಗಿಯ ಪರಿಚಯ ಮಾಡಿಸಿ ಎಂದು ಕೇಳಿಕೊಳ್ಳಿ. ಸೆಮಿನಾರನ್ನು ರೂಮಿನಲ್ಲಿ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸವನ್ನು ನಮ್ಮ ಹುಡುಗಿಯರು ತಾವೇ ಕಂಡುಕೊಂಡಿದ್ದರು. ಯಾವ ತಜ್ಞರೂ ಕಲಿಸಿದ್ದಲ್ಲ, ಚೆನ್ನಾಗಿ ಕೆಲಸ ಮಾಡುತ್ತಿತ್ತು.

ನೀವು ಅಣ್ಣನಾಗಿ ಊರಲ್ಲೇ ಕೂತು ಮಾಡಬಹುದಾದ ಕೆಲಸವೂ ಒಂದಿದೆ. ಅವಳ ವಿದ್ಯಾರ್ಥಿವೇತನ ಬಂದಿದೆಯಾ ನೋಡಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಮಂಜೂರಾಗಿದ್ದರೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲವೆಂದರೆ ಹಣ ಬರುವುದಿಲ್ಲ. ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಹೆಸರಿನ ಒಂದಕ್ಷರ ಬೇರೆ ಇದ್ದರೂ ಅಲ್ಲಿಗೇ ನಿಲ್ಲುತ್ತದೆ. ನಾಡಕಚೇರಿಗೆ, ಬ್ಯಾಂಕಿಗೆ ನೀವು ಓಡಾಡಿ ಅದನ್ನು ಬಿಡಿಸಿಕೊಟ್ಟರೆ ಹತ್ತು ಸಲ ಸಮಾಧಾನ ಹೇಳಿದ್ದಕ್ಕಿಂತ ಹೆಚ್ಚು.

ಈಗ ನಿಮ್ಮ ಎರಡನೇ ಪ್ರಶ್ನೆ, ವ್ಯವಸ್ಥೆ ಇದೆಯಾ ಅಂತ. ಕಾಗದದ ಮೇಲೆ ಸಾಕಷ್ಟಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಲೇಬೇಕು. ಸಹಾಯವಾಣಿ ಸಂಖ್ಯೆಯನ್ನು ಹಾಸ್ಟೆಲ್ಲಿನಲ್ಲಿ, ಕ್ಲಾಸಿನಲ್ಲಿ ಕಾಣುವ ಹಾಗೆ ಹಾಕಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು. ಹಾಗಾಗಿ ವಿದ್ಯಾರ್ಥಿ ಕಲ್ಯಾಣ ವಿಭಾಗಕ್ಕೆ ಹೋಗಿ "ಇಲ್ಲಿನ ಕೌನ್ಸೆಲರ್ ಯಾರು, ಯಾವ ಹೊತ್ತಿಗೆ ಸಿಗ್ತಾರೆ?" ಎಂದು ಕೇಳುವಾಗ ನೀವು ದಯೆ ಬೇಡುತ್ತಿಲ್ಲ.

ಆದರೆ ಕೆಲಸ ಮಾಡಿದವಳಾಗಿ ಒಂದು ಮಾತು. ನಾನಿದ್ದ ಕಡೆ ಆಪ್ತಸಮಾಲೋಚನೆ ಕೋಣೆಯನ್ನು ವಿಭಾಗದ ಮುಖ್ಯಸ್ಥರ ಚೇಂಬರಿನ ಪಕ್ಕದಲ್ಲೇ ಮಾಡಿದ್ದರು. ದೊಡ್ಡ ಬೋರ್ಡು, ರಿಬ್ಬನ್ ಕಟಿಂಗ್, ಫೋಟೊ. ಹೊಣೆ ವಹಿಸಿದ್ದು ಅಲ್ಲೇ ಪಾಠ ಮಾಡುವ, ಇಂಟರ್ನಲ್ ಅಂಕ ಹಾಕುವ ಮೇಷ್ಟ್ರಿಗೆ. ಯಾವ ಹುಡುಗಿ ಅಲ್ಲಿ ಬಾಗಿಲು ತಟ್ಟಿಯಾಳು? ಆಮೇಲೆ ಹೊರಗಿನಿಂದ ಒಬ್ಬ ಹೆಣ್ಣುಮಗಳು ವಾರದಲ್ಲಿ ಕೆಲವು ಸಂಜೆ ಹಾಸ್ಟೆಲ್ಲಿಗೇ ಬರಲು ಶುರುಮಾಡಿದರು. ವಾಚನಾಲಯದ ಹಿಂದಿನ ಕೋಣೆ, ಬೋರ್ಡೂ ಇಲ್ಲ. ಅಲ್ಲಿಗೆ ಹೋದರು. ಯೋಗ ದಿನಾಚರಣೆ, ಸ್ಫೂರ್ತಿ ಭಾಷಣ ಇವೆಲ್ಲ ಇರಲಿ ಬಿಡಿ, ನನಗೇನೂ ತಕರಾರಿಲ್ಲ. ಆದರೆ ಭಾಷಣ ಕೇಳಿ ನಿದ್ದೆ ಬಂದವರನ್ನು ನೋಡಿದ್ದೇನೆಯೇ ಹೊರತು ನಿದ್ದೆಯ ತೊಂದರೆ ಹೋದವರನ್ನು ನೋಡಿಲ್ಲ.

ಕ್ಯಾಂಪಸ್ಸಿನಲ್ಲಿ ಯಾರೂ ಬೇಡ ಅನ್ನಿಸಿದರೆ ಫೋನಿನಲ್ಲೇ ಮಾನಸಿಕ ಆರೋಗ್ಯದ ಸಲಹೆ ಕೊಡುವ ಟೆಲಿ-ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಬೇಕಾದರೆ ಮನೋವೈದ್ಯರಿಗೂ ಜೋಡಿಸುತ್ತಾರೆ. ಅವಳು ಮಾಡದಿದ್ದರೆ ನೀವೇ ಮಾಡಿ, "ತಂಗಿ ಹೀಗಿದ್ದಾಳೆ, ಹೇಗೆ ಮಾತಾಡಲಿ" ಎಂದು ಕೇಳಿ. ಮನೆಯವರು ಕೇಳಿದರೂ ಹೇಳುತ್ತಾರೆ.

ಇನ್ನು ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಗೊತ್ತು, ನಮ್ಮ ಕಡೆ ಯಾರಾದರೂ ಸ್ವಲ್ಪ ತಿಕ್ಕಲಾಡಿದರೆ "ಧಾರವಾಡಕ್ಕ ಕಳಸಬೇಕು" ಎಂದು ನಗಾಡಿಕೊಂಡೇ ಬೆಳೆದವರು ನಾವೆಲ್ಲ. ಈ ನಗೆಯಿಂದಾಗಿಯೇ ಧಾರವಾಡದಲ್ಲೇ ಓದುವ ಮಕ್ಕಳು ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಅದು ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ನಿದ್ದೆ ಬಾರದವರು, ಎದೆ ಹೊಡೆದುಕೊಳ್ಳುವವರು, ಪರೀಕ್ಷೆಗೆ ಹೆದರಿದವರು ಎಲ್ಲರೂ ಹೊರರೋಗಿ ವಿಭಾಗಕ್ಕೆ ಬರುತ್ತಾರೆ, ಸಂಜೆಗೆ ಹಾಸ್ಟೆಲ್ಲಿಗೆ ಮರಳುತ್ತಾರೆ. ಅಲ್ಲಿ ಬೇಡ ಅಂದರೆ ಹುಬ್ಬಳ್ಳಿಯಲ್ಲಿ ಈಗ ಕೆಎಂಸಿ-ಆರ್‌ಐ ಅನ್ನುವ ಸರ್ಕಾರಿ ಆಸ್ಪತ್ರೆ, ಅಂದರೆ ಹಿಂದಿನ ಕಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಊಟ, ನಿದ್ದೆ, ಆಸಕ್ತಿ ಹೋಗಿ ಎರಡು ವಾರ ದಾಟಿದ್ದರೆ, ರಕ್ತದ ವರದಿ ಹೇಗೇ ಬರಲಿ, ಒಮ್ಮೆ ತೋರಿಸುವುದು ಒಳ್ಳೆಯದು.

ಮಾತ್ರೆ ಕೊಟ್ಟರೆ ಮನೆಯಲ್ಲಿ ಗಲಾಟೆ ಆಗುತ್ತದೆ, ಈಗಲೇ ತಯಾರಾಗಿ. ಖಿನ್ನತೆಯ ಮಾತ್ರೆ ನುಂಗಿದ ಮರುದಿನವೇ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು. ಮೊದಮೊದಲು ಹೊಟ್ಟೆ ತೊಳಸುವುದು, ಚಡಪಡಿಕೆ ಬರಬಹುದು. ಚಡಪಡಿಕೆ ಜಾಸ್ತಿಯಾದರೆ, ಸಾಯುವ ಯೋಚನೆ ಬಂದರೆ, ಕೂಡಲೇ ಡಾಕ್ಟರಿಗೆ ಹೇಳಬೇಕು. ನಿದ್ದೆ ಮಾತ್ರೆ ಚಟವಾಗಬಹುದು, ಇದು ಹಾಗಲ್ಲ, ಆದರೆ ಸುಧಾರಿಸಿತೆಂದು ತಾವೇ ಥಟ್ಟನೆ ಬಿಡಬಾರದು. ಮೆಡಿಕಲ್ ಶಾಪಿನಲ್ಲಿ ಗೆಳತಿಯ ಚೀಟಿ ತೋರಿಸಿ ನಿದ್ದೆ ಮಾತ್ರೆ ತರುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯ ನಿಮಗೆ ಹಿಡಿಸಲಿಕ್ಕಿಲ್ಲ. ಅವಳು ವಯಸ್ಕಳು. ಡಾಕ್ಟರೋ ಕೌನ್ಸೆಲರೋ ಅವಳು ಹೇಳಿದ್ದನ್ನೆಲ್ಲ ನಿಮಗೆ ಒಪ್ಪಿಸುವುದಿಲ್ಲ. ಗೋಪ್ಯತೆ ಅದೇ 2017ರ ಕಾಯ್ದೆ ಕೊಟ್ಟ ಹಕ್ಕು. ಒಳಗೆ ಏನು ಮಾತಾಯಿತು ಎಂದು ದಾರಿಯುದ್ದಕ್ಕೂ ಕೆದಕಬೇಡಿ. ಪ್ರೀತಿ-ಪ್ರೇಮದ ವಿಷಯವಿರಬಹುದು, ಯಾರೋ ಪೀಡಿಸುತ್ತಿರಬಹುದು. ರ‍್ಯಾಗಿಂಗ್ ಆದರೆ ಯುಜಿಸಿಯ ಸಹಾಯವಾಣಿ 1800-180-5522 ಇದೆ, ಅದನ್ನು ಅವಳ ಫೋನಿನಲ್ಲಿ ಉಳಿಸಿಕೊಡಿ. ಹೇಳುವ ಮನಸ್ಸಾದಾಗ ಹೇಳುತ್ತಾಳೆ.

ಸೋದರಮಾವನವರ ಸಲಹೆಗೆ ನನ್ನ ಉತ್ತರ ಚಿಕ್ಕದು. ನಿದ್ದೆ ಬಾರದ ಹುಡುಗಿಯನ್ನು ಹೊಸ ಮನೆಗೆ ಕಳಿಸಿದರೆ ಆ ಮನೆಯಲ್ಲೂ ನಿದ್ದೆ ಬರುವುದಿಲ್ಲ, ಅಷ್ಟೇ. ಮದುವೆಯ ಮಾತು ಅವಳ ಕಿವಿಗೆ ಬಿದ್ದಿದ್ದರೆ ಊರಿಗೆ ಬಾರದಿರಲು ಅದೂ ಒಂದು ಕಾರಣವಿದ್ದೀತು. ಈ ಮಾತು ಸದ್ಯಕ್ಕೆ ಮನೆಯಲ್ಲಿ ನಿಲ್ಲಲಿ, ನಿಲ್ಲಿಸಿದ್ದೇವೆಂದು ಅವಳಿಗೂ ಹೇಳಿ.

ಶನಿವಾರ ನೀವೊಬ್ಬರೇ ಹೋಗಿ. ಅವ್ವ, ಮಾವ, ಎಲ್ಲರೂ ಜೀಪು ಮಾಡಿಕೊಂಡು ಹೋಗಬೇಡಿ. ಹಾಸ್ಟೆಲ್ ಗೇಟಿನಲ್ಲಿ ನಿಂತು ಅಂಕದ ಬಗ್ಗೆ ಕೇಳಬೇಡಿ. ಹೊರಗೆಲ್ಲಾದರೂ ಕೂತು ಇಬ್ಬರೂ ಹೊಟ್ಟೆ ತುಂಬ ಉಣ್ಣಿ. ಅಲ್ಲಿಂದ ಎದ್ದು, ಲ್ಯಾಬಿನಲ್ಲಿ ರಕ್ತ ಕೊಟ್ಟು ಬನ್ನಿ. ಹಾಜರಾತಿ ಎಷ್ಟಿದೆ ಎಂದು ವಿಭಾಗದ ಕಚೇರಿಯಲ್ಲಿ ವಿಚಾರಿಸಿ. 75 ಪ್ರತಿಶತಕ್ಕಿಂತ ಕೆಳಗಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕಡಿಮೆ ಬೀಳುವಂತಿದ್ದರೆ ಡಾಕ್ಟರ್ ಸರ್ಟಿಫಿಕೇಟ್ ಇಟ್ಟುಕೊಂಡು ಮುಖ್ಯಸ್ಥರನ್ನು ಈಗಲೇ ಕಾಣಿ, ಪರೀಕ್ಷಾ ಶುಲ್ಕ ಕಟ್ಟುವ ಕೊನೇ ದಿನದವರೆಗೆ ಕಾಯಬೇಡಿ. ಈ ಸೆಮಿಸ್ಟರ್ ಬಿಟ್ಟು ಮುಂದಿನ ವರ್ಷ ಕೂರಲು ಅವಕಾಶ ಇದೆಯಾ ಎಂದು ಅದೇ ಹೊತ್ತಿಗೆ ಕೇಳಿಕೊಂಡು, ಅವರು ಏನು ಹೇಳಿದರೋ ಅದನ್ನು ಬರಹದಲ್ಲಿ ತೆಗೆದುಕೊಳ್ಳಿ.