ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಬಚ್ಚಲುಮನೆಯ ಟೈಲ್ಸ್

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿ 1955ರಲ್ಲಿ ಕಟ್ಟಿದ ಮನೆಯೊಂದನ್ನು ನಾವು ಕೊಂಡಿದ್ದೇವೆ. ಬಚ್ಚಲುಮನೆಯ ಗೋಡೆಗೆ ಎದೆಮಟ್ಟದವರೆಗೆ ತಿಳಿಗುಲಾಬಿ ಬಣ್ಣದ ಟೈಲ್ಸ್, ಮೇಲಂಚಿಗೆ ಮರೂನ್ ಬಣ್ಣದ ಸಣ್ಣ ಪಟ್ಟಿ ಇವೆ. ಟಬ್ಬಿನ ಪಕ್ಕದಲ್ಲಿ ನಾಲ್ಕೈದು ಟೈಲ್ಸ್ ಒಡೆದಿವೆ. ಎಲ್ಲವನ್ನೂ ಕಿತ್ತು ಹೊಸದು ಹಾಕಿಸಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ನಮಗೆ ಈ ಬಣ್ಣ ಇಷ್ಟ. ಉಳಿಸಿಕೊಳ್ಳಬಹುದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಉಳಿಸಿಕೊಳ್ಳಬಹುದು. ಆದರೆ ಟೈಲ್ಸ್‌ನ ಹಿಂದಿರುವ ಗೋಡೆ ಹೇಗಿದೆ ಎಂಬುದನ್ನು ಮೊದಲು ನೋಡಬೇಕು. ಆ ಕಾಲದ ಅನೇಕ ಅಮೆರಿಕನ್ ಮನೆಗಳಲ್ಲಿ ಮರದ ಚೌಕಟ್ಟಿಗೆ ಲೋಹದ ಜಾಲರಿ ಹೊಡೆದು, ಅದರ ಮೇಲೆ ಸುಮಾರು ಒಂದು ಇಂಚು ದಪ್ಪಕ್ಕೆ ಸಿಮೆಂಟ್ ಗಾರೆ ಮೆತ್ತಿ, ಆ ಗಾರೆಯಲ್ಲಿಯೇ ಟೈಲ್ಸ್ ಕೂರಿಸುತ್ತಿದ್ದರು. ಹೀಗೆ ಕೂರಿಸಿದ ಗೋಡೆ ಎಪ್ಪತ್ತು ವರ್ಷ ಕಳೆದರೂ ಕದಲದೆ ನಿಂತಿರುವುದುಂಟು. ಕೆಲವು ಮನೆಗಳಲ್ಲಿ ಮಾತ್ರ ಜಿಪ್ಸಂ ಹಲಗೆಗೆ ಅಂಟು ಬಳಿದು ಟೈಲ್ಸ್ ಹಚ್ಚಿರುತ್ತಾರೆ. ನೀರು ಒಳಹೊಕ್ಕರೆ ಆ ಹಲಗೆ ಮೆತ್ತಗಾಗಿ ಉದುರುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಏನನ್ನೂ ಒಡೆಯಬೇಕಾಗಿಲ್ಲ. ಟಬ್ಬಿನ ನಲ್ಲಿಯ ಬುಡವನ್ನು ಮುಚ್ಚಿರುವ ಲೋಹದ ಬಿಲ್ಲೆಯನ್ನು ಬಿಚ್ಚಿ, ಗೋಡೆಯ ತೂತಿನ ಅಂಚಿಗೆ ಟಾರ್ಚ್ ಬಿಟ್ಟು ನೋಡಿ. ಬೂದು ಬಣ್ಣದ ದಪ್ಪ ಗಾರೆಯೂ ಜಾಲರಿಯ ತಂತಿಯೂ ಕಂಡರೆ ನೀವು ಅದೃಷ್ಟವಂತರು. ಬಿಳಿಯ ಹುಡಿ ಮತ್ತು ಕಾಗದದ ಪದರ ಕಂಡರೆ, ಟಬ್ಬಿನ ಅಂಚಿನುದ್ದಕ್ಕೂ ಅಂಗೈಯಿಂದ ಒತ್ತಿ ನೋಡಿ. ಗೋಡೆ ಒಳಕ್ಕೆ ಜಗ್ಗಿದ ಕಡೆ ಮಾತ್ರ ಕಿತ್ತು ಸರಿಪಡಿಸುವುದು ಅನಿವಾರ್ಯ. ಅಲ್ಲೊಂದು ಇಲ್ಲೊಂದು ಟೈಲ್ ತಟ್ಟಿದಾಗ ಪೊಳ್ಳು ಸದ್ದು ಬಂದ ಮಾತ್ರಕ್ಕೆ ಇಡೀ ಗೋಡೆಯನ್ನು ಕೆಡವುವುದು ಅನ್ಯಾಯ.

ಗುಲಾಬಿ ಬಣ್ಣಕ್ಕೂ ಒಂದು ಇತಿಹಾಸವಿದೆ. ಐಸೆನ್‌ಹೋವರ್ ಅಧ್ಯಕ್ಷರಾಗಿದ್ದ 1953ರಿಂದ 1961ರವರೆಗಿನ ಕಾಲದಲ್ಲಿ ಅವರ ಪತ್ನಿ ಮೇಮಿಯವರ ಮೆಚ್ಚಿನ ಬಣ್ಣವೆಂದು ಇದು ಮನೆಮಾತಾಗಿತ್ತು. ಅಂತಹ ಬಚ್ಚಲುಮನೆಗಳು ಒಂದೊಂದಾಗಿ ಕಸದ ಲಾರಿ ಸೇರುತ್ತಿರುವಾಗ ನಿಮ್ಮದು ಉಳಿದರೆ ನನಗೆ ನಿಜವಾಗಿಯೂ ಸಂತೋಷ.

ಒಡೆದ ಟೈಲ್ಸ್ ವಿಚಾರಕ್ಕೆ ಬರೋಣ. ಅಂದಿನ ಗೋಡೆಯ ಟೈಲ್ಸ್ ಸಾಮಾನ್ಯವಾಗಿ ನಾಲ್ಕೂಕಾಲು ಇಂಚಿನ ಚೌಕಗಳು. ಈ ಅಳತೆ ಅಲ್ಲಿ ಇಂದಿಗೂ ಸಿಗುತ್ತದೆ. ಬಣ್ಣ ಹೊಂದಿಸುವುದೇ ಕಷ್ಟ. ಫೋಟೋ ನೋಡಿ ಆರಿಸಬೇಡಿ. ಒಡೆದ ತುಣುಕನ್ನೇ ಅಂಗಡಿಗೆ ಒಯ್ದು, ಹಗಲು ಬೆಳಕಿನಲ್ಲಿ ಪಕ್ಕದಲ್ಲಿಟ್ಟು ನೋಡಿ. ಬಣ್ಣ ಹೊಂದಿದರೂ ದಪ್ಪ ಮತ್ತು ಅಂಚಿನ ದುಂಡು ಬೇರೆಯಾಗಿರಬಹುದು. ಹಳೆಯ ಮನೆಗಳ ಸಾಮಾನು ಮಾರುವ ಅಂಗಡಿಗಳಲ್ಲಿಯೂ ವಿಚಾರಿಸಿ. ಎಲ್ಲಿಯೂ ಸಿಗದಿದ್ದರೆ, ಕನ್ನಡಿ ಕಪಾಟಿನ ಹಿಂದೆ ಅಥವಾ ಸಿಂಕಿನ ಕೆಳಗೆ ಕಣ್ಣಿಗೆ ಬೀಳದ ಕಡೆಯಿಂದ ಟೈಲ್ಸ್ ಬಿಡಿಸಿ ಟಬ್ಬಿನ ಪಕ್ಕಕ್ಕೆ ಹಾಕಿಸಿ, ಅವುಗಳ ಜಾಗಕ್ಕೆ ಹೊಸದನ್ನು ಕೂರಿಸಬಹುದು. ಹಾಗೆ ಬಿಡಿಸುವಾಗ ಕೆಲವು ಒಡೆಯುತ್ತವೆ, ಆದ್ದರಿಂದ ಬೇಕಾದುದಕ್ಕಿಂತ ಹೆಚ್ಚಿಗೆ ಲೆಕ್ಕ ಹಾಕಿಕೊಳ್ಳಿ. ಟಬ್ಬಿನ ಮೇಲಿನ ಒಂದು ಸಾಲನ್ನು ಪೂರ್ತಿಯಾಗಿ ಮರೂನ್ ಬಣ್ಣಕ್ಕೆ ಬದಲಿಸುವುದು ಇನ್ನೊಂದು ದಾರಿ. ಮೇಲಂಚಿನ ಪಟ್ಟಿಗೆ ಅದು ಹೊಂದಿಕೊಳ್ಳುತ್ತದೆ.

ಕೆಲಸ ಶುರುಮಾಡುವ ಮುನ್ನ ಒಂದು ಎಚ್ಚರಿಕೆ. ಆ ಕಾಲದ ಟೈಲ್ಸ್‌ನ ಹೊಳಪಿನ ಲೇಪದಲ್ಲಿ ಸೀಸವೂ, ಅಂಟಿನಲ್ಲಿ ಅಥವಾ ನೆಲದ ಹಾಸಿನಲ್ಲಿ ಕಲ್ನಾರೂ (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ. ಗೋಡೆಯ ಮೇಲೆ ಸುಮ್ಮನಿರುವಾಗ ಅವುಗಳಿಂದ ಅಪಾಯವಿಲ್ಲವೆನ್ನಬಹುದು. ಯಂತ್ರದಿಂದ ಕೊರೆದು ಧೂಳೆಬ್ಬಿಸಿದಾಗ ಅಪಾಯ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಯಾರಿಗೂ ಕಟರ್ ಹಚ್ಚಲು ಬಿಡಬೇಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಈ ಮಾತನ್ನು ಖಂಡಿತ ಪಾಲಿಸಿ.

ಮೇಲ್ಮೈಯಲ್ಲಿ ಜೇಡರ ಬಲೆಯಂತೆ ಹರಡಿರುವ ಕೂದಲೆಳೆ ಬಿರುಕುಗಳಿದ್ದರೆ ಗಾಬರಿಯಾಗಬೇಡಿ. ಟೈಲ್‌ನ ಒಳಗಿನ ಸುಟ್ಟ ಮಣ್ಣು ವರ್ಷಗಟ್ಟಲೆ ತೇವ ಹೀರಿ ತುಸು ಹಿಗ್ಗುವುದರಿಂದ ಲೇಪ ಹಾಗೆ ಸೀಳುತ್ತದೆ. ಅದನ್ನು ಹೋಗಲಾಡಿಸಲಾಗದು, ಹೋಗಲಾಡಿಸುವ ಅಗತ್ಯವೂ ಇಲ್ಲ. ಟೈಲ್ಸ್ ಮೇಲೆಯೇ ಬಣ್ಣ ಸಿಂಪಡಿಸಿ ಹೊಸದರಂತೆ ಮಾಡಿಕೊಡುತ್ತೇವೆ ಎನ್ನುವವರಿಗೆ ಮಾತ್ರ ಒಪ್ಪಬೇಡಿ. ದಿನವೂ ನೀರು ಬೀಳುವ ಜಾಗದಲ್ಲಿ ಆ ಲೇಪ ಕೆಲವೇ ವರ್ಷಗಳಲ್ಲಿ ಸಿಪ್ಪೆಯೇಳುತ್ತದೆ, ಆಮೇಲೆ ಹಳೆಯ ಹೊಳಪನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಪ್ರಶ್ನೆ: ನಮ್ಮದು ಜಯನಗರದಲ್ಲಿ ಅರವತ್ತರ ದಶಕದ ಮನೆ. ಬಚ್ಚಲಿನ ಗೋಡೆಗೆ ಬಿಳಿ ಗ್ಲೇಜ್ಡ್ ಟೈಲ್ಸ್, ನೆಲಕ್ಕೆ ಮೊಸಾಯಿಕ್ ಇದೆ. ಬೋರ್‌ವೆಲ್ ನೀರಿನಿಂದ ಬಿಳಿ ಕಲೆ ಕಟ್ಟುತ್ತದೆ. ವಾರಕ್ಕೊಮ್ಮೆ ಆಸಿಡ್ ಹಾಕಿ ತೊಳೆಸುತ್ತೇವೆ. ಈಗ ನೆಲ ಒರಟಾಗಿ ಕಳೆಗುಂದಿದೆ.
– ಗೃಹಿಣಿ, ಬೆಂಗಳೂರು

ಉತ್ತರ: ಅಮ್ಮಾ, ಆಸಿಡ್ ಹಾಕುವುದನ್ನು ಇಂದಿಗೇ ನಿಲ್ಲಿಸಿ. ಗಡಸು ನೀರು ಒಣಗಿದಾಗ ಉಳಿಯುವ ಬಿಳಿ ಪದರದಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಮತ್ತು ಆಸಿಡ್ ಅದನ್ನು ನೊರೆಯೆಬ್ಬಿಸಿ ಕರಗಿಸುತ್ತದೆ ಎಂಬುದು ನಿಜ. ಆದರೆ ನಿಮ್ಮ ಮೊಸಾಯಿಕ್‌ನಲ್ಲಿರುವ ಅಮೃತಶಿಲೆಯ ಚೂರುಗಳೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಅವುಗಳನ್ನು ಹಿಡಿದಿರುವ ಸಿಮೆಂಟ್ ಕೂಡ ಆಸಿಡ್‌ಗೆ ನಿಲ್ಲುವುದಿಲ್ಲ. ನೆಲದ ಮೇಲೆ ಬುಸುಬುಸು ನೊರೆ ಎದ್ದಾಗ ಕೊಳೆಯ ಜೊತೆಗೆ ನೆಲವೂ ಕರಗುತ್ತಿರುತ್ತದೆ. ವಿನೆಗರ್, ನಿಂಬೆರಸಗಳಿಂದಲೂ ನಿಧಾನವಾಗಿ ಇದೇ ಹಾನಿಯಾಗುತ್ತದೆ. ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಬಿದ್ದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಕೆಲಸಕ್ಕೆ ಬರುವವರಿಗೂ ಇದನ್ನು ದಯವಿಟ್ಟು ತಿಳಿಸಿ ಹೇಳಿ.

ನೆಲಕ್ಕೆ ತಟಸ್ಥ ಗುಣದ ಸೋಪಿನ ದ್ರಾವಣ ಮತ್ತು ನೈಲಾನ್ ಬ್ರಷ್ ಸಾಕು. ಗೋಡೆಯ ಗ್ಲೇಜ್ಡ್ ಟೈಲ್ಸ್‌ನ ಕಲೆಗೆ ಮಾತ್ರ, ಸಂದುಗಳನ್ನು ಮೊದಲು ನೀರಿನಿಂದ ಚೆನ್ನಾಗಿ ನೆನೆಸಿಕೊಂಡು, ನೀರು ಬೆರೆಸಿದ ವಿನೆಗರನ್ನು ಬಟ್ಟೆಯಲ್ಲಿ ಅದ್ದಿ ಒರೆಸಿ, ನೆಲಕ್ಕೆ ಸೋರದಂತೆ ನೋಡಿಕೊಂಡು ಕೂಡಲೇ ತೊಳೆದುಬಿಡಿ. ಇದೆಲ್ಲಕ್ಕಿಂತ ಉತ್ತಮವಾದುದು, ಸ್ನಾನವಾದ ಮೇಲೆ ಗೋಡೆಗೂ ನೆಲಕ್ಕೂ ಒಮ್ಮೆ ವೈಪರ್ ಎಳೆಯುವ ಅಭ್ಯಾಸ. ನೀರೇ ನಿಲ್ಲದಿದ್ದರೆ ಕಲೆ ಕಟ್ಟುವ ಪ್ರಶ್ನೆಯೇ ಇಲ್ಲ.

ಒರಟಾದ ನೆಲವನ್ನು ಮೊಸಾಯಿಕ್ ಪಾಲಿಶ್ ಮಾಡುವವರಿಂದ ಮತ್ತೆ ಉಜ್ಜಿಸಬಹುದು. ಕನ್ನಡಿಯಂತಹ ಹೊಳಪು ಮಾತ್ರ ಬೇಡ, ಸೋಪಿನ ನೀರು ಬಿದ್ದಾಗ ಕಾಲು ಜಾರುತ್ತದೆ. ಪಾಲಿಶ್ ಆದ ಮೇಲೆ ನೆಲದೊಳಕ್ಕಿಳಿದು ನೀರು ಹೀರದಂತೆ ತಡೆಯುವ ಬಗೆಯ ಸೀಲರ್ ಹಚ್ಚಿಸಿ. ಗೋಡೆ ಮತ್ತು ನೆಲ ಕೂಡುವ ಮೂಲೆಯಲ್ಲಿ ಬಿಳಿ ಸಿಮೆಂಟ್ ಮತ್ತೆ ಮತ್ತೆ ಬಿರುಕು ಬಿಡುತ್ತಿದ್ದರೆ, ಅಲ್ಲಿ ಅದರ ಬದಲು ಸಿಲಿಕೋನ್ ತುಂಬಿಸಿ.

ಪ್ರಶ್ನೆ: ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಬಚ್ಚಲುಮನೆ ಐವತ್ತರ ದಶಕದ ಶೈಲಿಯಲ್ಲಿ ಇರಬೇಕೆಂಬ ಆಸೆ. ಟೈಲ್ಸ್ ಹೇಗೆ ಆರಿಸಬೇಕು?
– ಓದುಗರು, ಮೈಸೂರು

ಉತ್ತರ: ಗೋಡೆಗೆ ನಾಲ್ಕು ಅಥವಾ ಆರು ಇಂಚಿನ ಚೌಕದ, ಒಂದೇ ಬಣ್ಣದ ಹೊಳಪಿನ ಸೆರಾಮಿಕ್ ಟೈಲ್ಸ್ ತೆಗೆದುಕೊಳ್ಳಿ; ತಿಳಿಹಸಿರು, ತಿಳಿನೀಲಿ, ಗುಲಾಬಿ, ಕೆನೆಬಣ್ಣ ಆ ಶೈಲಿಗೆ ಒಪ್ಪುತ್ತವೆ. ಗೋಡೆಯ ಟೈಲನ್ನು ನೆಲಕ್ಕೆ ಹಾಕಿಸಬೇಡಿ, ಅದು ನೀರು ಹೀರುತ್ತದೆ ಮತ್ತು ಜಾರುತ್ತದೆ. ನೆಲಕ್ಕೆ ನೀರು ಹೀರುವ ಪ್ರಮಾಣ ಶೇ 0.5ಕ್ಕಿಂತ ಹೆಚ್ಚಿಲ್ಲದ, ಹೊಳಪಿಲ್ಲದ ಚಿಕ್ಕ ಟೈಲ್ಸ್ ಇರಲಿ. ಸಂದುಗಳು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ ಸಿಗುತ್ತದೆ, ಮೇಸ್ತ್ರಿಗೂ ವಾಟ (ನೀರು ಹರಿಯಲು ಇಳಿಜಾರು) ಕೊಡುವುದು ಸುಲಭ; ನೀರು ಬೀಳುವ ಕಡೆ ಅಡಿಗೆ ಕಾಲಿಂಚಿನಂತೆ ವಾಟವಿರಬೇಕು. ಟೈಲ್ಸ್ ಹಾಕಿದ ಮಾತ್ರಕ್ಕೆ ನೀರು ಕೆಳಗಿಳಿಯುವುದು ನಿಲ್ಲುವುದಿಲ್ಲವಾದ್ದರಿಂದ, ಅದರ ಕೆಳಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಒಂದು ದಿನ ಪೂರ್ತಿ ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆಯೇ ಟೈಲ್ಸ್ ಕೆಲಸಕ್ಕೆ ಕೈಹಾಕಿಸಿ. ಲೆಕ್ಕಕ್ಕಿಂತ ಶೇ 10ರಷ್ಟು ಹೆಚ್ಚಿಗೆ, ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇರುವಂತೆ ನೋಡಿ ಕೊಳ್ಳಿ. ಉಳಿದವನ್ನು ಪೆಟ್ಟಿಗೆಯ ಚೀಟಿಯ ಸಮೇತ ಅಟ್ಟದ ಮೇಲೆ ಎತ್ತಿಡಿ.